ಮೈ ಕೊಡವದ ಟಗರು

“ಮಾಳವ್ವನ ಟಗರಿನ ಹಾಗೆ ನಿಂತ್ಕೋ!”

ನಾನು ಚಿಕ್ಕವನಿದ್ದಾಗ ತಲೆಯ ಮೇಲೆ ನೀರು ಹುಯ್ಯುತ್ತ ನನ್ನ ಅಜ್ಜಿ ಹೀಗೆ ಗದರುತ್ತಿದ್ದಳು. ಈ ಹಟ್ಟಿಯಲ್ಲಿ ಆ ಮಾತು ಕೇಳದೆ ಮಿಂದ ಮಗುವಿಲ್ಲ. ಆದರೆ ನೀರು ಬಿದ್ದರೂ ಮೈ ಕೊಡವದೆ ನಿಲ್ಲುವ ಕುರಿಯನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಹೇಳಿದಂತೆ ಕೇಳುವ ಮಕ್ಕಳನ್ನು ಬೆಳೆಸಲೆಂದು ಹಿರಿಯರು ಕಟ್ಟಿದ ಮಾತದು ಎಂದು ನಾನು ಬಹುಕಾಲ ನಂಬಿದ್ದೆ. ಈಗ ನಂಬುವುದಿಲ್ಲ.

ಬೋರನಹಟ್ಟಿಯ ನಾಲ್ವರು ಹೊಳೆ ದಾಟಿ ಬಂದು ಇಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ. ರೋಗ ಅವರ ಊರಿನಿಂದ ಹೋಗಿ ಆರು ತಿಂಗಳಾಯಿತು. ಹೋಗುವಾಗ ಒಂದು ಕುರಿಯನ್ನೂ ಬಿಡಲಿಲ್ಲ. ಅವರಿಗೆ ಕುರಿ ಕೊಡಬೇಕೋ ಬೇಡವೋ ಎಂದು ನೀವು ಬೆಳಗಿನಿಂದ ವಾದಿಸುತ್ತಿದ್ದೀರಿ. ಸ್ವಲ್ಪ ಹೊತ್ತು ವಾದ ನಿಲ್ಲಿಸಿ, ನನ್ನ ಮಾತು ಕೇಳಿ.

ಹಿಂದೆ, ಎಷ್ಟು ಹಿಂದೆ ಎಂಬುದು ಈ ಗುಡ್ಡಕ್ಕೆ ಮಾತ್ರ ಗೊತ್ತು, ಇದೇ ಕರಿಗುಡ್ಡದ ಹಟ್ಟಿಯಲ್ಲಿ ಮಾಳವ್ವ ಎಂಬ ಹೆಂಗಸು ಇದ್ದಳಂತೆ. ಕುರಿಯ ಉಸಿರು ಕೇಳಿಯೇ ಅದರ ಬೇನೆ ಹೇಳುತ್ತಿದ್ದಳಂತೆ. ಆಗ ನಮ್ಮ ಕರಿಕುರಿಗಳ ಹಿಂಡು ಗುಡ್ಡ ಇಳಿದರೆ ಮೋಡದ ನೆರಳು ಇಳಿದಂತೆ ಕಾಣುತ್ತಿತ್ತಂತೆ.

ಒಂದು ವರ್ಷ ದೊಡ್ಡ ರೋಗ ಬಂತು. ಬೆಳಿಗ್ಗೆ ಮೇದ ಕುರಿ ಸಂಜೆಗೆ ಇರುತ್ತಿರಲಿಲ್ಲ. ಹೆದರಿದ ಹಟ್ಟಿಯ ಗೌಡ, ಇದ್ದುದರಲ್ಲೇ ಚೆಂದದ ಟಗರೊಂದನ್ನು ಹಿಡಿದು, ಅದರ ಕೊರಳಿಗೆ ಅರಿಶಿನದ ದಾರ ಕಟ್ಟಿ, ಗುಡ್ಡದವ್ವನಿಗೆ ಹರಕೆ ಹೊತ್ತನಂತೆ: ರೋಗ ನಿಂತರೆ ಬರುವ ಹುಣ್ಣಿಮೆಗೆ ಈ ಟಗರು ನಿನ್ನದು.

ರೋಗ ನಿಂತಿತು. ಮುಳ್ಳುಬೇಲಿಯ ರೊಪ್ಪಗಳನ್ನು ತಡಕಿ ನೋಡಿದರು. ಉಳಿದದ್ದು ಆರು ಹೆಣ್ಣು ಕುರಿ. ಉಳಿದ ಟಗರು ಒಂದೇ ಒಂದು. ಅದರ ಕೊರಳಲ್ಲಿ ಅರಿಶಿನದ ದಾರವಿತ್ತು!

ಬೇರೆ ಟಗರು ತರೋಣವೆಂದರೆ ಹೊಳೆಯ ಈಚೆಗೆ ಎಲ್ಲ ರೊಪ್ಪಗಳೂ ಬರಿದು. ರೋಗದ ಭಯಕ್ಕೆ ಆಚೆಯವರು ನಮ್ಮ ನೆರಳನ್ನೂ ದಡ ಹತ್ತಗೊಡುತ್ತಿರಲಿಲ್ಲ. ಕೊಟ್ಟ ಮಾತು ತಪ್ಪಲು ಗೌಡ ಒಪ್ಪಲಿಲ್ಲ. ಹರಕೆಯ ಟಗರನ್ನು ಹುಣ್ಣಿಮೆಯವರೆಗೆ ಮೇಯಿಸುವ ಕೆಲಸ ಮಾಳವ್ವನದಾಯಿತು. ಆಗಲಿ ಎಂದಳಂತೆ. ಅಷ್ಟೇ ಎಂದಳಂತೆ.

ನಮ್ಮ ಪದ್ಧತಿ ನಿಮಗೆ ಗೊತ್ತು. ಹರಕೆಯ ಕುರಿಯ ಬೆನ್ನಿಗೆ ಪೂಜಾರಿ ಮೂರು ಸಲ ನೀರು ಚಿಮುಕಿಸಬೇಕು. ಕುರಿ ಮೈ ಕೊಡವಿದರೆ ದೇವಿ ಒಪ್ಪಿದಳೆಂದು ಅರ್ಥ. ಕೊಡವದಿದ್ದರೆ ಕತ್ತಿ ಎತ್ತುವಂತಿಲ್ಲ.

ಮಾಳವ್ವ ದಿನವೂ ಬೆಳಿಗ್ಗೆ ಟಗರನ್ನು ಹಳ್ಳಕ್ಕೆ ಕರೆದೊಯ್ಯುತ್ತಿದ್ದಳಂತೆ. ಬೆನ್ನಿಗೆ ನೀರು ಚಿಮುಕಿಸುತ್ತಿದ್ದಳಂತೆ. ಅದು ಮೈ ಕೊಡವಿದರೆ ಸುಮ್ಮನೆ ಕಾಯುತ್ತಿದ್ದಳು. ಅಲುಗದೆ ನಿಂತರೆ ಮಡಿಲಿನಿಂದ ಒಂದು ಹಿಡಿ ಹುರುಳಿ ಕೊಡುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತು ದಿನ.

ಹುಣ್ಣಿಮೆ ಬಂತು. ಮುಂಜಾನೆಯೇ ಹಟ್ಟಿಗೆ ಹಟ್ಟಿಯೇ ಗುಡ್ಡದವ್ವನ ಮುಂದೆ ನೆರೆಯಿತು. ಪೂಜಾರಿ ಬೀರಜ್ಜ ನೀರು ಚಿಮುಕಿಸಿದ. ಟಗರು ಅಲುಗಲಿಲ್ಲ. ಎರಡನೆಯ ಸಲ ಚಿಮುಕಿಸಿದ. ಟಗರು ಕಿವಿ ನಿಮಿರಿಸಿತು, ಅಲುಗಲಿಲ್ಲ. ಮೂರನೆಯ ಸಲ ಬೀರಜ್ಜ ಚೆಂಬಿಗೆ ಚೆಂಬನ್ನೇ ಸುರಿದ. ಟಗರು ತಿರುಗಿ ನೋಡಿತು, ನೆಟ್ಟಗೆ ಬಂದಿತು, ಬೀರಜ್ಜನ ಮಡಿಲಿಗೆ ಮೂತಿ ತೂರಿಸಿ ಹುಡುಕತೊಡಗಿತು!

“ಬೀರಜ್ಜಾ, ಒಳಗೇನು ಬಚ್ಚಿಟ್ಟಿದ್ದೀಯೋ?” ಎಂದು ಯಾರೋ ಕೂಗಿದರಂತೆ. ಹಟ್ಟಿಗೆ ಹಟ್ಟಿಯೇ ನಕ್ಕಿತಂತೆ. ಗೌಡ ಮಾತ್ರ ನಗಲಿಲ್ಲ. “ಪೂಜಾರಿಯ ಮಡಿ ಕೆಟ್ಟಿದೆ, ಅದಕ್ಕೇ ಅವ್ವ ಒಪ್ಪಲಿಲ್ಲ, ಇವನನ್ನು ಹೊರಗೆ ಹಾಕಿ” ಎಂದು ಗುಡುಗಿದ.

ಮಾಳವ್ವ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಮುಗಿದಿತ್ತು. ಆದರೆ ಅವಳು ಎದ್ದು ನಿಂತಳಂತೆ.

“ಗೌಡ್ರೇ, ಅಜ್ಜನದು ತಪ್ಪಿಲ್ಲ. ಕಲಿಸಿದೋಳು ನಾನು. ನೀರು ಬಿದ್ರೆ ಹುರುಳಿ ಸಿಕ್ತದೆ ಅಂತ ಕಾಯ್ತಾ ಐತೆ ಅದು. ಇವತ್ತು ಇದನ್ನ ಕಡಿದ್ರೆ ಅವ್ವನಿಗೆ ಒಂದು ಊಟ. ಆಮೇಲೆ ಅವ್ವನಿಗೂ ಇಲ್ಲ, ನಮಗೂ ಇಲ್ಲ. ಬಿಟ್ರೆ ವರ್ಷಾ ವರ್ಷಾ ಇದರ ಮರಿಗಳ ಮೊದಲ ಉಣ್ಣೇಲಿ ಅವ್ವನಿಗೆ ಕಂಬಳಿ ನೇಯ್ತೀನಿ. ಅವ್ವ ಮುನಿದ್ರೆ ನನ್ನೊಬ್ಬಳ ಮೇಲೆ ಮುನೀಲಿ.”

ಟಗರು ಇನ್ನೂ ಮಡಿಲು ಹುಡುಕುತ್ತಲೇ ಇತ್ತು. ಬೀರಜ್ಜ ಅದರ ಕೊಂಬು ಸವರಿದನಂತೆ. “ಹುರುಳಿ ತಿನ್ನಿಸಬೇಡ ಅಂತ ಅವ್ವ ಯಾವತ್ತೂ ಅಂದಿಲ್ಲವಲ್ಲೋ ಗೌಡಾ” ಎಂದನಂತೆ. ಅರಿಶಿನದ ದಾರವನ್ನು ತಾನೇ ಬಿಚ್ಚಿದನಂತೆ.

ಆಮೇಲಿನದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮೈ ನವಿರೇಳುತ್ತದೆ. ಮೊದಲ ವರ್ಷ ಐದು ಮರಿ ಹುಟ್ಟಿದವು! ಹುಟ್ಟಿದ ಮರಿಯ ಕೂಗು ಕೇಳಿ ಮುದುಕರು ಕೋಲು ಬಿಟ್ಟು ಓಡಿ ಬಂದರಂತೆ. ಮೂರನೆಯ ವರ್ಷಕ್ಕೆ ರೊಪ್ಪದಲ್ಲಿ ಇಪ್ಪತ್ತು. ಆದರೆ ಮಾಳವ್ವನಿಗೆ ಒಂದು ಚಿಂತೆ: ಎಲ್ಲ ಮರಿಗಳಿಗೂ ತಂದೆ ಒಬ್ಬನೇ. ಅವನನ್ನೇ ಅವನ ಹೆಣ್ಣುಮರಿಗಳಿಗೆ ಬಿಟ್ಟರೆ ಹುಟ್ಟುವುದು ಬಲವಿಲ್ಲದ ಸಂತತಿ. ಹೊಸ ಟಗರು ಬೇಕು.

ಬದಲಿಗೆ ಕೊಡಲೆಂದು ಒಂದು ಗಂಡುಮರಿಯನ್ನು ಹೆಗಲ ಮೇಲೆ ಹೊತ್ತು, ತುಂಬಿದ ಹೊಳೆಗೆ ಅವಳು ಇಳಿದೇಬಿಟ್ಟಳಂತೆ. ಹೊಳೆಯೇ ಎರಡಾಗಿ ದಾರಿ ಬಿಟ್ಟಿತೆಂದು ಕೆಲವರು ಹೇಳುತ್ತಾರೆ. ಈಜಿದಳೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆಚೆ ದಡದಲ್ಲಿ ಜನ ಕೋಲು ಹಿಡಿದು ನಿಂತಿದ್ದರಂತೆ. ಒದ್ದೆ ಮರಿಯನ್ನೂ ನಡುಗುವ ಹೆಂಗಸನ್ನೂ ಕಂಡು ಕೋಲು ಕೆಳಗಿಳಿಸಿದರಂತೆ. ಮರಿಯನ್ನು ತಾವಿಟ್ಟುಕೊಂಡು, ತಮ್ಮ ಬಲಿತ ಟಗರೊಂದನ್ನು ಅವಳ ಕೈಗೆ ಕೊಟ್ಟರಂತೆ. ಇಂದು ನಮ್ಮ ರೊಪ್ಪಗಳಲ್ಲಿ ಕೂಗುವ ಪ್ರತಿಯೊಂದು ಕುರಿಯ ಮೈಯಲ್ಲೂ ಆ ಟಗರಿನ ರಕ್ತವಿದೆ.

ಆ ಊರು ಯಾವುದು ಗೊತ್ತೇ? ಬೋರನಹಟ್ಟಿ!

ಮಾಳವ್ವನ ಹೆಸರಿನಲ್ಲಿ ನಾವು ಇಂದಿಗೂ ವರ್ಷದ ಮೊದಲ ಉಣ್ಣೆಯಲ್ಲಿ ಗುಡ್ಡದವ್ವನಿಗೆ ಕಂಬಳಿ ಹೊದಿಸುತ್ತೇವೆ. ಮರಿಗೆ ಮೊದಲ ಸಲ ನೀರು ಚಿಮುಕಿಸಿ ಒಂದು ಹಿಡಿ ಹುರುಳಿ ಕೊಡುತ್ತೇವೆ. ಮಕ್ಕಳಿಗೆ ಅಲುಗದೆ ನಿಲ್ಲಲು ಹೇಳುತ್ತೇವೆ. ಆದರೆ ಅವಳು ಮಾಡಿದ್ದು ಅಲುಗದೆ ನಿಲ್ಲುವ ಕೆಲಸವಲ್ಲ.

ಆದ್ದರಿಂದ ಎಲ್ಲರೂ ಕೇಳಿ. ನೀವು ಏನು ತೀರ್ಮಾನಿಸುತ್ತೀರೋ ನನಗೆ ಗೊತ್ತಿಲ್ಲ. ನಾಳೆ ಹೊತ್ತು ಮೂಡುವಾಗ ನನ್ನ ರೊಪ್ಪದಿಂದ ಆರು ಹೆಣ್ಣು ಕುರಿ, ಒಂದು ಟಗರು ಬೋರನಹಟ್ಟಿಗೆ ಹೊರಡುತ್ತವೆ. ಹೊಳೆ ದಾಟಿಸಲು ನಾನೇ ಬರುತ್ತೇನೆ.