ನರಿಯ ದಾಳಿಗೆ ಐದು ಕಾರಣಗಳು

ಹತ್ತನೇ ತರಗತಿಯ ಮೊಲಗಳನ್ನು ಗಿಳಿ ಮೇಷ್ಟ್ರು ಇತಿಹಾಸ ಪರೀಕ್ಷೆಗೆ ತಯಾರು ಮಾಡುತ್ತಿದ್ದರು.

"ಹಿಂದೆ ಬಿಲದ ಮೇಲೆ ನರಿ ನಡೆಸಿದ ದಾಳಿಗೆ ಮೊದಲ ಕಾರಣ?"

"ಬಾಗಿಲಲ್ಲಿ ಕಾವಲಿರಲಿಲ್ಲ" ಎಂದು ಮೊಲಗಳು ಒಂದೇ ದನಿಯಲ್ಲಿ ಒಪ್ಪಿಸಿದವು.

ಹಿಂದಿನ ಸಾಲಿನ ಮೊಲವೊಂದು ಎದ್ದು ನಿಂತಿತು. "ಸರ್, ಈಗಲೂ ಕಾವಲಿಲ್ಲವಲ್ಲ?"

"ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ. ಎರಡನೆಯ ಕಾರಣ?"

ಪರೀಕ್ಷೆಯಲ್ಲಿ ಎಲ್ಲ ಮೊಲಗಳೂ ಐದು ಕಾರಣ ಬರೆದು ಪೂರ್ತಿ ಅಂಕ ಪಡೆದವು. ಫಲಿತಾಂಶದ ದಿನ ಬಿಲದೊಳಗೆ ಕ್ಯಾರೆಟ್ ಹಂಚುತ್ತಿದ್ದಾಗ ನರಿ ನೇರವಾಗಿ ಬಾಗಿಲಿನಿಂದಲೇ ನುಗ್ಗಿ, ಎರಡು ಮೊಲಗಳನ್ನು ಹೊತ್ತೊಯ್ದಿತು.

ಮರುದಿನ ಮೇಷ್ಟ್ರು ಕೊಂಬೆಯ ಮೇಲೆ ಕೂತು, ನಡುಗುತ್ತಿದ್ದ ಕಿರಿಯ ತರಗತಿಯವರಿಗೆ ಹೇಳಿದರು: "ನರಿಯ ಎರಡನೆಯ ದಾಳಿ ಎಂದು ಬರೆದುಕೊಳ್ಳಿ. ಮುಂದಿನ ವರ್ಷ ಪ್ರಬಂಧಕ್ಕೆ ಖಂಡಿತ ಬರುತ್ತದೆ. ಹೊಸದಾಗಿ ಓದುವುದೇನಿಲ್ಲ, ಕಾರಣಗಳು ಅವೇ ಐದು."