ಗೂಟ ಬಿಡದ ಗನ್ನು

ಟ್ಯಾಂಕಿನ ನೆತ್ತಿಯ ಮೇಲೆ ಕಬ್ಬಿಣದ ಗೂಟಕ್ಕೆ ಕೀಲು ಹಾಕಿಸಿಕೊಂಡು ಭದ್ರವಾಗಿ ಕೂತಿದ್ದ ಮೆಷಿನ್ ಗನ್ನಿಗೆ ಭಾಷಣ ಬಿಗಿಯುವ ಚಟ. ಪಕ್ಕದ ಪೆಟ್ಟಿಗೆಯಿಂದ ಒಂದರ ಸೊಂಟ ಒಂದು ಹಿಡಿದು ಸರವಾಗಿ ಬರುತ್ತಿದ್ದ ಗುಂಡುಗಳಿಗೆ ಅದು, "ನುಗ್ಗಿ ವೀರರೇ! ನಾನು ನಿಮ್ಮ ಜೊತೆಗೇ ಇದ್ದೇನೆ!" ಎಂದು ಗರ್ಜಿಸುತ್ತಿತ್ತು.

ಸರದ ಬಾಲದಲ್ಲಿದ್ದ ಕಡೆಯ ಗುಂಡಿಗೆ ಮೊದಮೊದಲು ಇದನ್ನು ಕೇಳಿ ಮೈ ಜುಮ್ಮೆನ್ನುತ್ತಿತ್ತು. ಬರಬರುತ್ತಾ ಅನುಮಾನ ಶುರುವಾಯಿತು. ಹೋದವರಾರೂ ತಿರುಗಿ ಬರಲಿಲ್ಲ. ಅವರ ಖಾಲಿ ಹಿತ್ತಾಳೆ ಚಿಪ್ಪುಗಳಷ್ಟೇ ಠಣ್ ಠಣ್ ಎಂದು ಕೆಳಗೆ ಬೀಳುತ್ತಿದ್ದವು. ಗನ್ನು ಮಾತ್ರ ಗೂಟ ಬಿಟ್ಟು ಕದಲಿರಲಿಲ್ಲ.

"ಸ್ವಾಮಿ, ಜೊತೆಗಿದ್ದೇನೆ ಅನ್ನುತ್ತೀರಿ. ಒಂದು ಸಲ ನೀವೂ ಬನ್ನಿ," ಎಂದಿತು ಗುಂಡು.

ಗನ್ನು ನಿಟ್ಟುಸಿರುಬಿಟ್ಟಿತು. "ಬರೋದಕ್ಕೆ ನನಗೇನು ಹೆದರಿಕೆಯೇ? ಈ ಹಾಳು ಕೀಲು ಬಿಡಬೇಕಲ್ಲ! ನಿಮ್ಮ ಪುಣ್ಯ ನನಗೆಲ್ಲಿ ಬರಬೇಕು?"

ಅಷ್ಟರಲ್ಲಿ ವೈರಿಯ ಶೆಲ್ಲು ಬಡಿದು ಟ್ಯಾಂಕು ನಿಂತಲ್ಲೇ ನಿಂತಿತು. ಇನ್ನು ನೆಲಕ್ಕಿಳಿದೇ ಕಾದಾಡಬೇಕೆಂದು ಒಳಗಿದ್ದ ಸಿಪಾಯಿ ಮೇಲೆ ಹತ್ತಿ, ಕೀಲು ಎಳೆದು, ಉಳಿದ ಸರದ ಸಮೇತ ಗನ್ನನ್ನು ಹೆಗಲಿಗೇರಿಸಿಕೊಂಡ.

"ಅಯ್ಯಯ್ಯೋ! ಕೀಲು ಹಾಕಪ್ಪಾ!" ಗನ್ನು ಬಾಯಿ ಬಡಿದುಕೊಂಡಿತು. "ನನ್ನ ಜಾಗ ಮೇಲಿರೋದು! ಕೆಳಗೆ ಹೋದರೆ ಸತ್ತೇಹೋಗ್ತೀನಿ!"

ಅದರ ಪಕ್ಕದಲ್ಲೇ ಜೋತಾಡುತ್ತಿದ್ದ ಕಡೆಯ ಗುಂಡು ಬಹಳ ವಿನಯದಿಂದ ಹೇಳಿತು:

"ನುಗ್ಗಿ ಸ್ವಾಮಿ. ನಾನು ನಿಮ್ಮ ಜೊತೆಗೇ ಇದ್ದೇನೆ."