ಪರದೆಯ ಕೆಳಗಿನ ಅಂಚು

"ತಪ್ಪು ಕಂಡ ಮೇಲೆ ತಿದ್ದುವುದೇ ಧರ್ಮವಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಉತ್ತರ ಗೊತ್ತಿದ್ದವನ ಹಾಗೆ ಕೇಳಿದ.

ಗುರು ಹೇಳಿದರು:

ಸಿನಿಮಾದವರ ಹತ್ತಿರ ಒಬ್ಬ ಮನುಷ್ಯ ಕೆಲಸಕ್ಕಿದ್ದ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಹಲಗೆ ಹಿಡಿದು ಬಿಸಿಲನ್ನು ನಟರ ಮುಖಕ್ಕೆ ತಿರುಗಿಸುವುದು ಅವನ ಕೆಲಸ. ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುವುದು ಎಷ್ಟು ರೂಢಿಯಾಗಿತ್ತೆಂದರೆ, ತನ್ನ ಮದುವೆಯ ಫೋಟೋದಲ್ಲೂ ಸರಿದುಬಿಟ್ಟಿದ್ದ. ಅದರಲ್ಲಿ ಹೆಂಡತಿ ಇದ್ದಳು, ಅವನ ಒಂದು ಭುಜ ಇತ್ತು. ಬೇರೆ ಫೋಟೋ ತೆಗೆಸುವ ಮೊದಲೇ ಅವನು ಸತ್ತ. ವರ್ಷ ಕಳೆದಂತೆ ಹೆಂಡತಿಗೆ ಅವನ ಮುಖ ಮರೆಯತೊಡಗಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಅವನು ದುಡಿದಿದ್ದ ಒಂದು ಸಿನಿಮಾವನ್ನು ಟೀವಿಯವರು ಕೊಂಡರು. ಥಿಯೇಟರಿನಲ್ಲಿ ಚಿತ್ರದ ಮೇಲಂಚು, ಕೆಳಗಿನ ಅಂಚುಗಳನ್ನು ಮುಚ್ಚಿ ತೋರಿಸುತ್ತಿದ್ದರು. ಆ ಮುಚ್ಚುವ ಜಾಗ ನಂಬಿಕೊಂಡೇ ಕೆಲಸದವರು ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ಟೀವಿಯವರು ಪರದೆ ತುಂಬಲಿ ಎಂದು ಮುಚ್ಚಿದ್ದನ್ನು ತೆಗೆದರು. ನಾಯಕಿ ಅಳುವ ದೃಶ್ಯದಲ್ಲಿ, ಕೆಳಗಡೆ, ಹಲಗೆ ಹಿಡಿದು ಕೂತಿದ್ದ ಅವನು ಕಂಡ. ಮುಖ ಪೂರ್ತಿ ಕಂಡಿತು.

"ಹೀರೋಗಿಂತ ನಿಮ್ಮ ಯಜಮಾನ್ರೇ ಚೆನ್ನಾಗಿ ಕಾಣ್ತಾರಲ್ಲೇ" ಎಂದು ಪಕ್ಕದ ಮನೆಯವಳು ಕೀಟಲೆ ಮಾಡಿದಳು.

ಟೀವಿಯಲ್ಲಿ ಬಂದದ್ದನ್ನು ಮನೆಯಲ್ಲಿ ಹಿಡಿದಿಟ್ಟುಕೊಳ್ಳುವ ಅನುಕೂಲ ಆ ಕಾಲದಲ್ಲಿ ಅವಳಂಥವರಿಗೆ ಇರಲಿಲ್ಲ. ಆ ಸಿನಿಮಾ ಬಂದಾಗಲೆಲ್ಲ ತಲೆ ಬಾಚಿಕೊಂಡು ಟೀವಿಯ ಮುಂದೆ ಕೂರುತ್ತಿದ್ದಳು.

ಯಾರ ಋಣವನ್ನೂ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು. ಒಂದು ದಿನ ಚಕ್ಕುಲಿ ಕಟ್ಟಿಕೊಂಡು ಟೀವಿಯವರ ಕಚೇರಿಗೆ ಹೋದಳು.

"ನಮ್ಮನೆಯವರನ್ನು ತೋರಿಸ್ತಾ ಇದೀರಿ ಸ್ವಾಮಿ. ದೊಡ್ಡ ಪುಣ್ಯ ನಿಮ್ಮದು" ಎಂದಳು.

ಅಲ್ಲಿನ ಅಧಿಕಾರಿಗೆ ಅರ್ಥವಾಗಲಿಲ್ಲ. ಸಿನಿಮಾ ಹಾಕಿಸಿ, "ಎಲ್ಲಿದಾರಮ್ಮ? ಸ್ವಲ್ಪ ತೋರಿಸಿ" ಎಂದ.

ಅವಳು ಬೆರಳಿಟ್ಟು ತೋರಿಸಿದಳು.

"ಇಷ್ಟು ದಿನ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ ನೋಡಿ. ನೀವು ಬಂದದ್ದು ಒಳ್ಳೆಯದಾಯ್ತು" ಎಂದ ಅಧಿಕಾರಿ. ಕುರ್ಚಿ ಕೊಟ್ಟ, ಕಾಫಿ ತರಿಸಿದ. ಅವಳು ಸಂತೋಷದಿಂದ ಮನೆಗೆ ಬಂದಳು.

ಮುಂದಿನ ಸಲ ಸಿನಿಮಾ ಬಂತು. ನಾಯಕಿ ಅತ್ತಳು. ಅವಳ ಮುಖದ ಮೇಲೆ ಬಿಸಿಲು ಹಾಗೇ ಇತ್ತು. ಕೆಳಗೆ, ಅವನು ಕೂತಿದ್ದ ಕಡೆ, ಒಂದು ಕಪ್ಪು ಪಟ್ಟಿ ಇತ್ತು. ಹೆಂಡತಿ ಎದ್ದು ಹೋಗಿ ಆ ಪಟ್ಟಿಯನ್ನು ಸೆರಗಿನಿಂದ ಒರೆಸಿದಳು. ದೃಶ್ಯ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯ, "ಆದರೆ ಆ ಅಧಿಕಾರಿಯದು ಏನೂ ತಪ್ಪಿಲ್ಲವಲ್ಲ?" ಎಂದ.

"ಇಲ್ಲ" ಎಂದರು ಗುರು. "ಶಾಪ ಹಾಕೋಣವೆಂದರೂ ಅವಳಿಗೆ ಒಬ್ಬ ತಪ್ಪಿತಸ್ಥ ಸಿಗಲಿಲ್ಲ."